ಅಳದೇ ಹಾಡೋದು: ಕಂಟ್ರಿ ರಾಕ್‌ನ ಎದೆನೋವಿನ ಹಾಡೊಂದನ್ನ ಗಿಟಾರಲ್ಲಿ ಕೂರಿಸಿಕೊಳ್ಳೋ ಸಮಗ್ರ ಮಾರ್ಗದರ್ಶಿ

ಕಂಟ್ರಿ ರಾಕ್ ಅಂದ್ರೆ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ರಾಕ್ ಜೊತೆ ಕೂಡಿದ್ದು. ಈ ಥರದ ಹಾಡಿಗೆ ನಾಲ್ಕು ಕಾರ್ಡ್ ಗೊತ್ತಿದ್ರೆ ಸಾಕು, ನಿಧಾನಕ್ಕೆ ಸ್ಟ್ರಮ್ ಮಾಡಿ ಕಣ್ಣು ಮುಚ್ಚಿ ಹಾಡಿದ್ರೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ನಾನೂ ಎರಡು ವರ್ಷ ಹಾಗೇ ನುಡಿಸ್ತಿದ್ದೆ. ಕೇಳಿದೋರು ಚೆನ್ನಾಗಿದೆ ಅಂತಿದ್ರು, ತಕ್ಷಣ ಟೀ ಬಗ್ಗೆ ಮಾತಾಡ್ತಿದ್ರು. ಆದ್ರೆ ಹಾಡು ಸರಿಯಾಗಿ ಕೂತ್ರೆ ಹಾಗಾಗಲ್ಲ, ಮುಗಿದ ಮೇಲೆ ಮೂರ್ನಾಲ್ಕು ಸೆಕೆಂಡು ರೂಮಲ್ಲಿ ಯಾರಿಗೂ ಮಾತು ಬರಲ್ಲ. ಆ ಮೌನ ಎಲ್ಲಿಂದ ಬರತ್ತೆ ಅಂತ ಹುಡುಕ್ತಾ ಹೋಗಿ ನನಗೆ ಸಿಕ್ಕಿದ್ದು ಇಷ್ಟು: ಈ ಹಾಡುಗಳಲ್ಲಿ ದುಃಖ ಇರೋದು ಅಳೋದ್ರಲ್ಲಿ ಅಲ್ಲ, ತಡ್ಕೊಂಡಿರೋದ್ರಲ್ಲಿ. ಕಾರ್ಡು, ಬಲಗೈ, ದನಿ ಎಲ್ಲದಕ್ಕೂ ಅದೇ ಲೆಕ್ಕ. ಕೆಳಗೆ ಬರೆದಿರೋದೆಲ್ಲ ಅದನ್ನ ಕೈಗೆ ತಂದ್ಕೊಳ್ಳೋ ದಾರಿ. ಜಿ, ಸಿ, ಡಿ ಕಾರ್ಡ್ ಹಿಡಿಯೋಕೆ ಬಂದ್ರೆ ಸಾಕು, ಶುರು ಮಾಡ್ಬಹುದು.

ಹೆಜ್ಜೆ 1: ಒಂದೇ ಹಾಡು ಆರಿಸ್ಕೊಳ್ಳಿ, ಅದರ ಜೊತೆ ಒಂದು ತಿಂಗಳು ಇರಿ

ನಾನು ತಗೊಂಡಿದ್ದು "ಲವ್ ಹರ್ಟ್ಸ್". ಇದನ್ನ ಬರೆದೋರು ಬೂಡ್ಲೋ ಬ್ರಯಾಂಟ್, ಮೊದಲು ಹಾಡಿದ್ದು ಎವರ್ಲಿ ಬ್ರದರ್ಸ್, 1960ರಲ್ಲಿ. ಮರುವರ್ಷ ರಾಯ್ ಆರ್ಬಿಸನ್ ಹಾಡಿದ್ರು. ಆಮೇಲೆ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ನಜರೆತ್ ಅನ್ನೋ ಹಾರ್ಡ್ ರಾಕ್ ಬ್ಯಾಂಡ್ ಹಾಡಿ ಅದು ಜಗತ್ತಿಗೆಲ್ಲ ಗೊತ್ತಾಯ್ತು, ನಮ್ಮಲ್ಲಿ ಕಾಲೇಜ್ ಬ್ಯಾಂಡ್‌ನೋರಿಗೆ ಗೊತ್ತಿರೋದು ಹೆಚ್ಚಾಗಿ ಅದೇ. ಆದ್ರೆ ನಮಗೆ ಬೇಕಾಗಿರೋದು ಆರ್ಬಿಸನ್ ಮತ್ತು ನಜರೆತ್ ನಡುವೆ ಬಂದಿದ್ದು, ಗ್ರಾಮ್ ಪಾರ್ಸನ್ಸ್ ಮತ್ತು ಎಮಿಲೂ ಹ್ಯಾರಿಸ್ ಒಟ್ಟಿಗೆ ಹಾಡಿರೋದು.

ಗ್ರಾಮ್ ಪಾರ್ಸನ್ಸ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಹುಟ್ಟಿದ್ದು 1946ರಲ್ಲಿ ಫ್ಲಾರಿಡಾದಲ್ಲಿ. 1968ರಲ್ಲಿ ಬರ್ಡ್ಸ್ ಬ್ಯಾಂಡ್ ಸೇರಿ, ಅಲ್ಲೀವರೆಗೂ ರಾಕ್ ನುಡಿಸ್ತಿದ್ದ ಅವರನ್ನ ಪೂರ್ತಿ ಕಂಟ್ರಿ ಕಡೆ ತಿರುಗಿಸಿದ್ರು. ಮರುವರ್ಷ ಫ್ಲೈಯಿಂಗ್ ಬುರ್ರೀಟೋ ಬ್ರದರ್ಸ್ ಜೊತೆ ಆಲ್ಬಮ್ ಬಂತು. ಆಗ ಅಮೆರಿಕದಲ್ಲಿ ಉದ್ದ ಕೂದಲಿನ ರಾಕ್ ಹುಡುಗರಿಗೂ ನ್ಯಾಶ್‌ವಿಲ್ಲಿನ ಕಂಟ್ರಿ ಜನಕ್ಕೂ ಆಗ್ತಿರ್ಲಿಲ್ಲ, ಇವರು ಮಧ್ಯದಲ್ಲಿ ನಿಂತು ಎರಡೂ ಒಂದೇ ನೋವು ಅಂತ ಹಾಡಿ ತೋರಿಸಿದ್ರು. ಎಮಿಲೂ ಆಗ ವಾಷಿಂಗ್ಟನ್ ಕಡೆ ಸಣ್ಣ ಕ್ಲಬ್ಬುಗಳಲ್ಲಿ ಹಾಡ್ತಿದ್ದ ಹುಡುಗಿ. ಇಬ್ಬರೂ ಸೇರಿ ಹಾಡಿದ ಎರಡನೇ ಆಲ್ಬಮ್, ನಮ್ಮ "ಲವ್ ಹರ್ಟ್ಸ್" ಇರೋ "ಗ್ರೀವಿಯಸ್ ಏಂಜಲ್" 1973ರಲ್ಲಿ ರೆಕಾರ್ಡ್ ಆಯ್ತು, ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀಯಲ್ಲಿ ಗ್ರಾಮ್ ತೀರ್ಕೊಂಡ್ರು, ವಯಸ್ಸು 26. ಆಲ್ಬಮ್ ಹೊರಗೆ ಬಂದಿದ್ದು 1974ರ ಜನವರಿಯಲ್ಲಿ. ಅಂದ್ರೆ ಆ ಹಾಡು ಜನರ ಕಿವಿಗೆ ಬೀಳೋ ಹೊತ್ತಿಗೆ ಹಾಡಿದ ಇಬ್ಬರಲ್ಲಿ ಒಬ್ಬರು ಇರ್ಲಿಲ್ಲ. ಇದು ಗೊತ್ತಿಲ್ದೇ ಕೇಳಿದಾಗಲೂ ನನಗೆ ಆ ಹಾಡು ಹಿಡಿದಿತ್ತು, ಗೊತ್ತಾದ ಮೇಲೆ ಮೊದಲಿನ ಥರ ಕೇಳೋಕೆ ಆಗಿಲ್ಲ.

ಹೆಜ್ಜೆ 2: ಗಿಟಾರ್ ಮುಟ್ಟದೇ ಮೂರು ಸಲ ಕೇಳಿ

ಮೊದಲ ಸಲ ನಜರೆತ್ ಕೇಳಿ, ತಕ್ಷಣ ಗ್ರಾಮ್ ಮತ್ತು ಎಮಿಲೂ ಕೇಳಿ. ಹಾಡು ಒಂದೇ. ಮೊದಲನೇದ್ರಲ್ಲಿ ಗಾಯಕ ಗಂಟಲು ಹರ್ಕೊಂಡು ಕೂಗ್ತಾನೆ, ಅದಕ್ಕೂ ಅದರದ್ದೇ ಆದ ಶಕ್ತಿ ಇದೆ, ನಾನು ಅದನ್ನ ಕಡಿಮೆ ಮಾಡ್ತಿಲ್ಲ. ಎರಡನೇದ್ರಲ್ಲಿ ಇಬ್ಬರು ಪಕ್ಕಪಕ್ಕ ಕೂತು, ಮನೆಯಲ್ಲಿ ಮಲಗಿರೋರು ಏಳ್ಬಾರ್ದು ಅನ್ನೋ ಹಾಗೆ ಹಾಡ್ತಾರೆ. ಎರಡನೇ ಸಲ ಮೇಲಿನ ದನಿ ಮಾತ್ರ ಕೇಳಿ, ಎಮಿಲೂ ಎಲ್ಲಿ ಉಸಿರು ತಗೋತಾರೆ ಅನ್ನೋದನ್ನ ಗಮನಿಸಿ. ಮೂರನೇ ಸಲ ದನಿ ಬಿಟ್ಟು, ಸಾಲು ಮುಗಿದು ಇನ್ನೊಂದು ಸಾಲು ಶುರುವಾಗೋ ಸಂದಿಯಲ್ಲಿ ಏನಿದೆ ಅಂತ ಕೇಳಿ, ವಾದ್ಯ ಮಾತಾಡೋದು ಅಲ್ಲೇ, ನಾವು ಕಲೀಬೇಕಾಗಿರೋದ್ರಲ್ಲಿ ಅರ್ಧ ಆ ಸಂದಿಯಲ್ಲೇ ಇದೆ.

ಹೆಜ್ಜೆ 3: ಇದು ಶಂಕರಾಭರಣ ಅನ್ನೋದನ್ನ ಒಪ್ಕೊಳ್ಳಿ

ದುಃಖದ ಹಾಡು ಅಂದ್ರೆ ಮೈನರ್ ಅಂತ ನಮ್ಮ ಕೈ ತಾನಾಗೇ ಇ ಮೈನರ್ ಕಡೆ ಹೋಗತ್ತೆ. ಆದ್ರೆ ಕಂಟ್ರಿಯ ದುಃಖದ ಹಾಡುಗಳಲ್ಲಿ ಬಹುಪಾಲು ಮೇಜರ್, ಅಂದ್ರೆ ಸ್ವರ ಸ್ಥಾನ ನೋಡಿದ್ರೆ ನಮ್ಮ 29ನೇ ಮೇಳಕರ್ತ ರಾಗ ಶಂಕರಾಭರಣ. ಜಿಯನ್ನ ಸ ಅಂತ ಇಟ್ಕೊಂಡ್ರೆ ನಮ್ಮ ಹಾಡಿನ ಸಾಲುಗಳು ಜಿ, ಇ ಮೈನರ್, ಸಿ, ಡಿ ಮೇಲೆ ಹೋಗತ್ತೆ. ಮೈನರ್ ಒಂದೇ ಒಂದು ಬರತ್ತೆ, ಅದೂ ದಾರೀಲಿ ಸಿಕ್ಕ ಹಾಗೆ ಸಿಕ್ಕಿ ಹೋಗತ್ತೆ. ಚೆನ್ನಾಗಿದೀನಿ ಅಂತ ಹೇಳ್ತಾ ಹೇಳ್ತಾ ಒಂದು ಕ್ಷಣ ಮುಖ ಬಾಡಿ ಮತ್ತೆ ಸರಿ ಮಾಡ್ಕೊಳ್ಳೋರನ್ನ ನೋಡಿದೀರಲ್ಲ, ಆ ಥರ.

ಹಾಗಾಗಿ ಜಿಯಿಂದ ಇ ಮೈನರ್‌ಗೆ ಹೋಗೋದನ್ನ ದೊಡ್ಡ ಘಟನೆ ಮಾಡ್ಬೇಡಿ. ಆರನೇ ತಂತಿಯಲ್ಲಿ ಮೂರನೇ ಫ್ರೆಟ್, ಎರಡನೇ ಫ್ರೆಟ್, ಆಮೇಲೆ ಖಾಲಿ ತಂತಿ, ಹೀಗೆ ಹೆಬ್ಬೆರಳಲ್ಲಿ ಮೂರು ಮೆಟ್ಟಿಲು ಇಳೀರಿ. ಸ, ನಿ, ದ. ಅಷ್ಟೇ ಸಾಕು. ಒಂದು ಐವತ್ತು ಸಲ ಬರೀ ಇದನ್ನೇ ಮಾಡಿ, ಯಾವಾಗ ಇ ಮೈನರ್ ಬಂದಿದ್ದು ನಿಮಗೇ ಗೊತ್ತಾಗ್ಬಾರ್ದು.

ಹೆಜ್ಜೆ 4: ಬಲಗೈ

ನಾಲ್ಕು ಎಣಿಕೆ. ಒಂದು ಮತ್ತು ಮೂರಕ್ಕೆ ದಪ್ಪ ತಂತಿ ಒಂದೇ, ಎರಡು ಮತ್ತು ನಾಲ್ಕಕ್ಕೆ ಸಣ್ಣ ತಂತಿಗಳನ್ನ ಸವರಿ ಬಿಡೋದು. ಜಿಗೆ ಮೊದಲು ಆರನೇ ತಂತಿ ಮೂರನೇ ಫ್ರೆಟ್, ಆಮೇಲೆ ಖಾಲಿ ನಾಲ್ಕನೇ ತಂತಿ. ಸಿಗೆ ಐದನೇ ತಂತಿ ಮೂರನೇ ಫ್ರೆಟ್, ಆಮೇಲೆ ನಾಲ್ಕನೇ ತಂತಿ ಎರಡನೇ ಫ್ರೆಟ್. ಡಿಗೆ ಖಾಲಿ ನಾಲ್ಕು, ಖಾಲಿ ಐದು. ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸೋ ಸಾಧನ) 66ರಲ್ಲಿ, ಅಂದ್ರೆ ನಿಮಿಷಕ್ಕೆ 66 ಎಣಿಕೆಗೆ ಇಡಿ. ನಿಧಾನ ಅನ್ಸತ್ತೆ, ಅನ್ಸಲಿ. ನಿಧಾನದಲ್ಲಿ ಎಲ್ಲರೂ ಮಾಡೋ ತಪ್ಪು ಏನು ಅಂದ್ರೆ ಖಾಲಿ ಜಾಗ ಕಂಡ್ರೆ ತುಂಬಿಸ್ಬೇಕು ಅನ್ಸಿ ಮಧ್ಯೆ ಮಧ್ಯೆ ಎಕ್ಸ್‌ಟ್ರಾ ಸ್ಟ್ರಮ್ ಹಾಕ್ತಾರೆ, ಹಾಕ್ಬೇಡಿ, ಆ ಖಾಲಿ ಜಾಗಕ್ಕೇ ಮುಂದೆ ಆರನೇ ಹೆಜ್ಜೆಯಲ್ಲಿ ಕೆಲಸ ಇದೆ.

ಹೆಜ್ಜೆ 5: ನಡುವಿನ ಭಾಗದ ಎರಡು ಹೊರಗಿನ ಸ್ವರ

ಹಾಡಿನ ಮಧ್ಯೆ ದಾರಿ ಬದಲಾಗೋ ಒಂದು ಭಾಗ ಇದೆಯಲ್ಲ, ಬ್ರಿಡ್ಜ್ ಅಂತಾರೆ, ಅಲ್ಲಿ ಇ ಮೈನರ್, ಬಿ ಸೆವೆನ್, ಮತ್ತೆ ಇ ಮೈನರ್ ಅಂತ ಓಡಾಡಿ, ಕೊನೆಗೆ ಎ ಸೆವೆನ್ ಬಂದು ಡಿಗೆ ಬಿಡತ್ತೆ. ಬಿ ಸೆವೆನ್ ಒಳಗೆ ಶಂಕರಾಭರಣಕ್ಕೆ ಸೇರದ ಒಂದು ಸ್ವರ ಇದೆ, ನಮ್ಮ ಲೆಕ್ಕದಲ್ಲಿ ಶುದ್ಧ ಧೈವತದ ಜಾಗ, ಅದು ನಾಲ್ಕನೇ ತಂತಿಯ ಮೊದಲನೇ ಫ್ರೆಟ್ಟಲ್ಲಿ ಕೂತಿರತ್ತೆ. ಎ ಸೆವೆನ್ ಒಳಗೆ ಇನ್ನೊಂದು, ಪ್ರತಿ ಮಧ್ಯಮ, ಎರಡನೇ ತಂತಿಯ ಎರಡನೇ ಫ್ರೆಟ್. ಇಡೀ ಹಾಡಲ್ಲಿ ಕಾರ್ಡುಗಳು ಶ್ರುತಿಯ ಮನೆ ಬಿಟ್ಟು ಆಚೆ ಕಾಲಿಡೋದು ಇಲ್ಲೇ. ಆ ಎರಡು ಸ್ವರ ಕೇಳೋ ಹಾಗೆ ನುಡಿಸಿ, ಬೇಕಾದ್ರೆ ಆ ಒಂದು ತಂತೀನ ಬೇರೆಯಾಗಿ ಮೀಟಿ, ಆಮೇಲೆ ಡಿ ಬಂದಾಗ ಕೈ ಹಗುರ ಮಾಡಿ. ಇಲ್ಲಿ ದನಿ ಎತ್ತರಿಸ್ಬೇಕು ಅನ್ಸತ್ತೆ, ಸ್ವಲ್ಪ ಎತ್ತರಿಸಿ, ಆದ್ರೆ ಮುಂದಿನ ಸಾಲಿಗೆ ಬರೋ ಹೊತ್ತಿಗೆ ವಾಪಸ್ ಇಳಿದಿರಬೇಕು.

ನಿಮ್ಮದೇ ಹಾಡು ಕಟ್ಟೋ ಆಸೆ ಇದ್ರೆ ಇನ್ನೊಂದು ದಾರಿ ಇಟ್ಕೊಳ್ಳಿ. ಸಿ ಮೇಜರ್, ಆಮೇಲೆ ಸಿ ಮೈನರ್, ಆಮೇಲೆ ಜಿ. ಚತುಶ್ರುತಿ ಧೈವತ ಅರ್ಧ ಮೆಟ್ಟಿಲು ಇಳಿದು ಶುದ್ಧ ಧೈವತ ಆಗಿ, ಅಲ್ಲಿಂದ ಪ ಮೇಲೆ ಬಂದು ಕೂರತ್ತೆ. ಶಂಕರಾಭರಣ ಒಂದು ಗಳಿಗೆ ಸರಸಾಂಗಿ ರಾಗ ಆಗಿ ವಾಪಸ್ ಬಂದ ಹಾಗೆ. ಇದನ್ನ ಒಂದು ಹಾಡಲ್ಲಿ ಒಂದೇ ಸಲ ಬಳಸಿ, ಎರಡನೇ ಸಲಕ್ಕೆ ಅದರ ಗುಟ್ಟು ಹೋಗ್ಬಿಡತ್ತೆ.

ಹೆಜ್ಜೆ 6: ಸ್ಟೀಲ್ ಗಿಟಾರಿನ ಕೊರಗು

ಈಗ ನನಗೆ ತುಂಬಾ ಇಷ್ಟದ ಜಾಗಕ್ಕೆ ಬಂದ್ವಿ. ಕಂಟ್ರಿ ಹಾಡಲ್ಲಿ ಹಿಂದುಗಡೆ ಯಾರೋ ದೂರದಲ್ಲಿ ಬಿಕ್ಕಿದ ಹಾಗೆ ಒಂದು ದನಿ ಜಾರ್ತಾ ಇರತ್ತಲ್ಲ, ಅದು ಪೆಡಲ್ ಸ್ಟೀಲ್ ಗಿಟಾರ್. ಕಾಲಿರೋ ಮೇಜಿನ ಥರ ಇರತ್ತೆ, ನುಡಿಸೋರು ಮುಂದೆ ಕೂತ್ಕೋತಾರೆ, ಹತ್ತು ತಂತಿ, ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳಿಗೆ ಪಿಕ್, ಎಡಗಾಲಿಗೆ ಪೆಡಲ್‌ಗಳು, ಮಂಡಿಯಿಂದ ತಳ್ಳೋಕೆ ಸನ್ನೆಕೋಲುಗಳು, ಬಲಗಾಲಿಗೆ ವಾಲ್ಯೂಮ್ ಪೆಡಲ್. ಇಡೀ ಮೈಯಿಂದ ನುಡಿಸೋ ವಾದ್ಯ. 1954ರಲ್ಲಿ ಬಂದ ವೆಬ್ ಪಿಯರ್ಸ್ ಹಾಡೊಂದರಲ್ಲಿ ಬಡ್ ಐಸಾಕ್ಸ್ ಅನ್ನೋರು ತಂತಿ ಇನ್ನೂ ಮೊಳಗ್ತಾ ಇರೋವಾಗಲೇ ಪೆಡಲ್ ಒತ್ತಿ ಸ್ವರ ಜಾರಿಸಿದ್ರು, ಆ ಮೇಲೆ ನ್ಯಾಶ್‌ವಿಲ್ಲಲ್ಲಿ ಎಲ್ಲರಿಗೂ ಅದೇ ಬೇಕಾಯ್ತು. "ಗ್ರೀವಿಯಸ್ ಏಂಜಲ್"ನಲ್ಲಿ ಪೆಡಲ್ ಸ್ಟೀಲ್ ಅಲ್ ಪರ್ಕಿನ್ಸ್ ಅವರದ್ದು, ಎಲೆಕ್ಟ್ರಿಕ್ ಗಿಟಾರ್ ಜೇಮ್ಸ್ ಬರ್ಟನ್ ಅವರದ್ದು, ಆಗ ಎಲ್ವಿಸ್ ಪ್ರೆಸ್ಲಿ ಜೊತೆ ನುಡಿಸ್ತಿದ್ದೋರು.

ಪೆಡಲ್ ಒತ್ತಿದಾಗ ಒಳಗೆ ಏನಾಗತ್ತೆ ಅಂತ ಹತ್ತಿರದಿಂದ ನೋಡಿ. ಮೂರು ತಂತಿ ಸ, ಗ, ಪ ಅಂತ ಮೊಳಗ್ತಾ ಇವೆ ಅಂದ್ಕೊಳ್ಳಿ. ಮೊದಲೆರಡು ಪೆಡಲ್ ಒಟ್ಟಿಗೆ ಒತ್ತಿದ್ರೆ ಗ ಜಾರಿ ಮ ಆಗತ್ತೆ, ಪ ಜಾರಿ ದ ಆಗತ್ತೆ. ಸ ಅಲ್ಲಾಡೋದೇ ಇಲ್ಲ. ಆಗ ಸ, ಮ, ದ, ಅಂದ್ರೆ ಮೂರನೇ ಫ್ರೆಟ್ಟಲ್ಲಿ ಜಿ ಇದ್ದಿದ್ದು ಉಕ್ಕಿನ ತುಂಡು ಒಂದು ಇಂಚೂ ಸರೀದೇ ಸಿ ಆಯ್ತು. ಎರಡು ದನಿ ಮನೆ ಬಿಟ್ಟು ಹೊರಟ್ವು, ಒಂದು ಬಾಗಿಲಲ್ಲೇ ನಿಂತಿದೆ. ಬರೀ ಜಾರಿದ್ರೆ ಇಷ್ಟು ಸಂಕಟ ಆಗಲ್ಲ, ಪಕ್ಕದಲ್ಲಿ ಒಂದು ಸ್ವರ ಜಾರದೇ ನಿಂತಿರೋದ್ರಿಂದ ಆಗೋದು.

ನಮ್ಮ ಹತ್ರ ಪೆಡಲ್ ಸ್ಟೀಲ್ ಇಲ್ಲ, ಇಲ್ಲಿ ಸಿಗೋದೂ ಕಷ್ಟ. ಸಾದಾ ಗಿಟಾರಲ್ಲಿ ಹೀಗೆ ಮಾಡಿ. ಸಾಲಿನ ಕೊನೆಗೆ ಡಿ ಕಾರ್ಡ್ ಬಂದಾಗ ಮೂರನೇ ತಂತಿ ಒಂಬತ್ತನೇ ಫ್ರೆಟ್ಟಲ್ಲಿ ನಡುಬೆರಳು, ಎರಡನೇ ತಂತಿ ಹತ್ತನೇ ಫ್ರೆಟ್ಟಲ್ಲಿ ಉಂಗುರದ ಬೆರಳು, ಮೊದಲನೇ ತಂತಿ ಹತ್ತನೇ ಫ್ರೆಟ್ಟಲ್ಲಿ ಕಿರುಬೆರಳು. ಮೂರನ್ನೂ ಮೀಟಿ, ಉಂಗುರದ ಬೆರಳು ಕಿರುಬೆರಳು ಕಲ್ಲಿನ ಥರ ಇರ್ಲಿ, ಮೂರನೇ ತಂತಿಯನ್ನ ಮಾತ್ರ ಮೇಲಕ್ಕೆ, ದಪ್ಪ ತಂತಿಗಳ ಕಡೆಗೆ ತಳ್ಳಿ, ಒಂದು ಪೂರ್ತಿ ಸ್ವರ. ತೋರುಬೆರಳನ್ನ ಹಿಂದೆ ಆಸರೆಗೆ ಇಡಿ. ಡಿಯನ್ನೇ ಸ ಅಂದ್ಕೊಂಡ್ರೆ ರಿ ಹೋಗಿ ಗ ಮುಟ್ಟಿದ ಹಾಗೆ, ಪ ಮತ್ತು ಸ ನಿಂತಿರತ್ತೆ. ಗ ಸರಿಯಾಗಿ ಮುಟ್ಟಿದ್ಯಾ ಅಂತ ನೋಡೋಕೆ ಅದೇ ತಂತಿಯ ಹನ್ನೊಂದನೇ ಫ್ರೆಟ್ ಒತ್ತಿ ಹೋಲಿಸಿ. ವೀಣೆ ನುಡಿಸೋರು ಮನೆಯಲ್ಲಿದ್ರೆ ಅವರ ಬೆರಳು ನೋಡಿ, ತಂತಿ ಎಳೆದು ಮುಂದಿನ ಸ್ವರ ತಗೊಳ್ಳೋದು ಅವರಿಗೆ ದಿನಾ ಮಾಡೋ ಕೆಲಸ.

ಮೊದಲ ವಾರ ಶ್ರುತಿ ತಪ್ಪತ್ತೆ, ಬೆರಳ ತುದಿ ಉರಿಯತ್ತೆ. ಎಲೆಕ್ಟ್ರಿಕ್‌ನಲ್ಲಿ ಸಣ್ಣ ತಂತಿಗಳ ಸೆಟ್, ಮೊದಲನೇ ತಂತಿ ಪಾಯಿಂಟ್ ಸೊನ್ನೆ ಸೊನ್ನೆ ಒಂಬತ್ತು ಇಂಚು ದಪ್ಪ ಇರೋದು ಹಾಕಿದ್ರೆ ಸುಲಭ. ಅಕೂಸ್ಟಿಕ್‌ನಲ್ಲಿ ಮೂರನೇ ತಂತಿಗೆ ಸಾಮಾನ್ಯವಾಗಿ ಸುತ್ತು ಇರತ್ತೆ, ಅದು ಬಗ್ಗಲ್ಲ, ಬಗ್ಗಿಸೋಕೆ ಹೋಗಿ ಬೆರಳು ಹಾಳು ಮಾಡ್ಕೋಬೇಡಿ. ಅಲ್ಲಿ ಬೇರೆ ಉಪಾಯ: ಜಿ ಕಾರ್ಡ್ ಮೇಲೆ, ಮೊದಲನೇ ತಂತಿ ಮೂರನೇ ಫ್ರೆಟ್ಟಲ್ಲಿ ತೋರುಬೆರಳು ಒತ್ತಿ ಹಿಡಿದು, ಎರಡನೇ ತಂತಿಯಲ್ಲಿ ನಡುಬೆರಳನ್ನ ಮೂರನೇ ಫ್ರೆಟ್ಟಿಂದ ಐದಕ್ಕೆ ಜಾರಿಸಿ. ಸ ನಿಂತಿದೆ, ಪ ಹೋಗಿ ದ ಆಯ್ತು. ಅದೇ ಪೆಡಲ್ಲಿನ ಕೆಲಸ.

ಇದೇ ಚಿಂತೆ ಆ ಕಂಟ್ರಿ ರಾಕ್ ನುಡಿಸೋರಿಗೂ ಇತ್ತು ಅನ್ನೋದು ನನಗೆ ಖುಷಿ ಕೊಡೋ ವಿಷಯ. ಬರ್ಡ್ಸ್‌ನಲ್ಲಿದ್ದ ಕ್ಲಾರೆನ್ಸ್ ವೈಟ್ ಮತ್ತು ಜೀನ್ ಪಾರ್ಸನ್ಸ್ (ಗ್ರಾಮ್‌ಗೆ ಸಂಬಂಧಿ ಅಲ್ಲ) ಸೇರಿ ಗಿಟಾರ್ ಒಳಗೇ ಒಂದು ಯಂತ್ರ ಕೂರಿಸಿದ್ರು, ಹೆಗಲ ಪಟ್ಟಿ ಎಳೆಯೋ ಹಾಗೆ ಗಿಟಾರನ್ನ ಕೆಳಗೆ ಒತ್ತಿದ್ರೆ ಎರಡನೇ ತಂತಿ ಒಂದು ಸ್ವರ ಏರತ್ತೆ. ಅದೆಲ್ಲ ಬೇಡ ನಮಗೆ. ಆದ್ರೆ ಎಲೆಕ್ಟ್ರಿಕ್ ಇದ್ದೋರು ಕಿರುಬೆರಳನ್ನ ವಾಲ್ಯೂಮ್ ನಾಬ್ ಮೇಲೆ ಇಟ್ಕೊಂಡು, ಸೊನ್ನೆಯಲ್ಲಿ ಮೀಟಿ ಆಮೇಲೆ ನಿಧಾನಕ್ಕೆ ಏರಿಸೋದನ್ನ ಕಲೀರಿ. ಮೀಟಿದ ಟಕ್ ಅನ್ನೋ ಸದ್ದು ಕೇಳಲ್ಲ, ದನಿ ಎಲ್ಲಿಂದಲೋ ಬಂದ ಹಾಗಿರತ್ತೆ.

ಈ ಜಾರು ದನಿಯ ಮೂಲ ಹವಾಯಿ. ಅಲ್ಲಿನ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಗೆ ಗಿಟಾರನ್ನ ಮಡಿಲಲ್ಲಿ ಮಲಗಿಸಿ ಉಕ್ಕಿನ ತುಂಡು ಆಡಿಸೋ ಪದ್ಧತಿ ಬೆಳೆಸಿದ್ರು, ಅದು ಅಮೆರಿಕಕ್ಕೆ ಹೋಗಿ ಕಂಟ್ರಿ ಸೇರ್ತು, ಇನ್ನೊಂದು ಕವಲು ಟಾವ್ ಮೋ ಅನ್ನೋ ಹವಾಯಿ ಕಲಾವಿದರ ಜೊತೆ 1940ರ ದಶಕದಲ್ಲಿ ಕಲ್ಕತ್ತಾಗೆ ಬಂತು. ನಮ್ಮ ದೇಶದಲ್ಲಿ ಅದರಿಂದಲೇ ರಾಗ ಸಂಗೀತದ ಗಿಟಾರ್ ಬೆಳೀತು, ವಿಶ್ವಮೋಹನ್ ಭಟ್ ಅವರ ಮೋಹನ ವೀಣೆ ಅದೇ ಬಳ್ಳಿ, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ನುಡಿಸಿದ್ದಕ್ಕೆ ಅವರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಹಾಗಾಗಿ ಕಂಟ್ರಿ ಸ್ಟೀಲ್ ಕೇಳಿದಾಗ ನಮ್ಮ ಕಿವಿಗೆ ಪರಿಚಯದ ದನಿ ಅನ್ಸೋದ್ರಲ್ಲಿ ಆಶ್ಚರ್ಯ ಇಲ್ಲ, ದೂರದ ಸಂಬಂಧ ಇದೆ.

ಹೆಜ್ಜೆ 7: ಎರಡನೇ ದನಿ

ಒಬ್ಬರೇ ಹಾಡೋರು ಇದನ್ನ ಬಿಡಬಹುದು, ಆದ್ರೆ ಬಿಡ್ಬೇಡಿ, ಫೋನಲ್ಲಿ ಒಂದು ಟ್ರ್ಯಾಕ್ ಹಾಡಿಟ್ಕೊಂಡು ಅದರ ಮೇಲೆ ಎರಡನೇದು ಹಾಡಿ.

ನಮ್ಮ ಸಂಗೀತದಲ್ಲಿ ಇಬ್ಬರು ಹಾಡಿದ್ರೆ ಒಂದೇ ಸ್ವರ ಹಾಡ್ತಾರೆ, ಇಲ್ಲ ಒಬ್ಬರಾದ ಮೇಲೆ ಒಬ್ಬರು. ಬೇರೆ ಬೇರೆ ಸ್ವರ ಒಟ್ಟಿಗೆ ಹಾಡೋ ಅಭ್ಯಾಸ ಇಲ್ಲ. ನಮ್ಮಕ್ಕ ಹತ್ತು ವರ್ಷ ಕರ್ನಾಟಕ ಸಂಗೀತ ಕಲ್ತೋಳು, ಶ್ರುತಿ ಅಂದ್ರೆ ಅವಳದ್ದು. ಅವಳನ್ನ ಕೂರಿಸ್ಕೊಂಡು "ನಾನು ಸ ಹಿಡೀತೀನಿ, ನೀನು ಗ ಹಿಡ್ಕೊ" ಅಂದೆ. ಹಿಡಿದಳು. ನಾನು ರಿಗೆ ಹೋದೆ, ಅವಳು ಮಗೆ ಹೋಗೋ ಬದ್ಲು ಜಾರಿ ನನ್ನ ರಿ ಮೇಲೇ ಬಂದು ಕೂತಳು. ಮತ್ತೆ ಮಾಡಿದ್ವಿ, ಮತ್ತೆ ಹಾಗೇ. "ನೀನು ಹಾಡ್ತಿದ್ರೆ ನನ್ನ ಕಿವಿ ನಿನ್ನ ಕಡೆನೇ ಎಳೆಯತ್ತೆ ಕಣೋ, ಬೇರೆ ಸ್ವರ ಹಾಡಿದ್ರೆ ತಪ್ಪು ಮಾಡ್ತಿದೀನಿ ಅನ್ಸತ್ತೆ" ಅಂದಳು. ಆಮೇಲೆ ಅವಳೇ ದಾರಿ ಕಂಡ್ಕೊಂಡಳು, "ಇದು ದಾಟು ವರಸೆ ಥರ ಅಲ್ವಾ, ನಾನೊಬ್ಬಳೇ ದಾಟೋದನ್ನ ಇಬ್ಬರು ಹಂಚ್ಕೊಂಡ ಹಾಗೆ" ಅಂತ. ಆ ಮಾತು ಹೇಳಿದ ಮೇಲೆ ಅವಳಿಗೆ ಅರ್ಧ ಗಂಟೇಲಿ ಬಂತು.

ಅಭ್ಯಾಸ ಹೀಗೆ. ಶಂಕರಾಭರಣದ ಆರೋಹಣ ನಿಧಾನಕ್ಕೆ, ಕೆಳಗಿನ ದನಿ ಸ ರಿ ಗ ಮ, ಮೇಲಿನ ದನಿ ಗ ಮ ಪ ದ. ಗಮಕ ಬೇಡ, ಇದು ಮುಖ್ಯ. ಇಬ್ಬರಲ್ಲಿ ಒಬ್ಬರು ಸ್ವರ ಆಡಿಸಿದ್ರೂ ಎರಡರ ನಡುವಿನ ದೂರ ಕೆಡತ್ತೆ, ದನಿ ಕೂಡಿದಾಗ ಬರೋ ಝೇಂಕಾರ ಹೋಗತ್ತೆ. ಇನ್ನೊಂದು, ಕಣ್ಣು ಮುಚ್ಚಿ ಯಾವಾಗಲೂ ಮೂರನೇ ಸ್ವರ ಹಿಡಿದ್ರೆ ಎಲ್ಲ ಕಡೆ ಸರಿ ಬರಲ್ಲ. ಕೆಳಗಿನ ದನಿ ಪ ಹಾಡ್ತಾ ಇದ್ದು ಕಾರ್ಡ್ ಜಿ ಆಗಿದ್ರೆ ಮೇಲೆ ನಿ ಚುಚ್ಚತ್ತೆ, ಅಲ್ಲಿ ಮೇಲಿನ ಸ ತಗೊಳ್ಳಿ. ಕಾರ್ಡಲ್ಲಿ ಇರೋ ಸ್ವರಕ್ಕೆ ಮೊದಲ ಮರ್ಯಾದೆ.

ಎವರ್ಲಿ ಬ್ರದರ್ಸ್ ಅಣ್ಣತಮ್ಮಂದಿರು, ಚಿಕ್ಕಂದಿನಿಂದ ಒಟ್ಟಿಗೆ ಹಾಡಿದೋರು, ಅವರ ಎರಡು ದನಿ ಒಂದೇ ಗಂಟಲಿಂದ ಬಂದ ಹಾಗೆ ಅಂಟ್ಕೊಂಡಿರತ್ತೆ. ಗ್ರಾಮ್ ಮತ್ತು ಎಮಿಲೂ ದನಿ ಹಾಗೆ ಅಂಟಲ್ಲ. ಗ್ರಾಮ್ ದನಿ ಸ್ವಲ್ಪ ಒಡೆದಿದೆ, ಎಮಿಲೂದು ಗಾಜಿನ ಥರ ತಿಳಿ. ಹತ್ತಿರ ಬರ್ತವೆ, ಒಂದಾಗಲ್ಲ. ಬಿಟ್ಟು ಹೋಗೋ ಹಾಡಿಗೆ ನನ್ನ ಪ್ರಕಾರ ಇದೇ ಸರಿ. ಆದ್ರಿಂದ ನಿಮ್ಮ ಜೊತೆ ಹಾಡೋರ ದನಿ ನಿಮ್ಮದಕ್ಕೆ ಹೊಂದಲ್ಲ ಅಂತ ಹಿಂಜರೀಬೇಡಿ.

ಶ್ರುತಿ ಇಡೋವಾಗ ಮೇಲಿನ ದನಿಯೋರನ್ನ ಕೇಳಿ ಇಡಿ. ಅವರ ಅತಿ ಎತ್ತರದ ಸ್ವರ ಮೆಲ್ಲಗೆ ಹಾಡೋಕೆ ಬರಬೇಕು, ಕೂಗಿದ್ರೆ ಮಾತ್ರ ಬರತ್ತೆ ಅಂದ್ರೆ ಜಿ ಬಿಟ್ಟು ಇನ್ನೂ ಕೆಳಗೆ ಹೋಗಿ, ಇಲ್ಲ ಡಿ ಆಕಾರದಲ್ಲಿ ನುಡಿಸಿ ಕೇಪೋ (ಎಲ್ಲ ತಂತೀನೂ ಒಂದೇ ಫ್ರೆಟ್ಟಲ್ಲಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ ಹೊಂದಿಸ್ಕೊಳ್ಳಿ.

ಹೆಜ್ಜೆ 8: ಹಾಡೋ ಮುಂಚೆ ಮಾತಾಡಿ

ಸಾಲುಗಳನ್ನ ಟ್ಯೂನ್ ಇಲ್ದೇ, ಎದುರಿಗೆ ಯಾರೋ ಕೂತಿದಾರೆ ಅಂದ್ಕೊಂಡು ಹೇಳಿ. ಎಲ್ಲಿ ಉಸಿರು ಬಿಡ್ತೀರೋ ಅಲ್ಲೇ ಹಾಡಲ್ಲೂ ಬಿಡಿ. ಸಾಲಿನ ಕೊನೆ ಪದ ಎಳೀಬೇಡಿ, ಬೇಗ ಬಿಟ್ಬಿಡಿ, ಉಳಿದ ಜಾಗದಲ್ಲಿ ಆ ಜಾರು ತಂತಿ ಮಾತಾಡ್ಲಿ. ನಮ್ಮ ಕಡೆ ವಿರಹದ ಹಾಡಲ್ಲಿ ಕಾಯೋದು ಇರತ್ತೆ, ಬರ್ತಾರೆ ಅನ್ನೋ ಆಸೆ ಇರತ್ತೆ, ಆ ಆಸೆಗೆ ತಾನ, ಗಮಕ ಎಲ್ಲ ಒಪ್ಪತ್ತೆ. ಇಲ್ಲಿ ಯಾರೂ ಬರಲ್ಲ ಅಂತ ಹಾಡೋರಿಗೆ ಗೊತ್ತು. ದನಿ ಅದಕ್ಕೆ ತಕ್ಕ ಹಾಗೆ ಚಪ್ಪಟೆ ಇರಬೇಕು, ಪೂರ್ತಿ ಬತ್ತಿರಬಾರ್ದು.

ಹೆಜ್ಜೆ 9: ರೆಕಾರ್ಡ್ ಮಾಡೋದು, ನಿಲ್ಲಿಸೋದು

ಫೋನ್ ಸಾಕು. ರಾತ್ರಿ ಹತ್ತರ ಮೇಲೆ, ಫ್ಯಾನ್ ಆಫ್, ಬಟ್ಟೆ ತುಂಬಿರೋ ರೂಮು, ಫೋನು ಮೂರಡಿ ದೂರ, ಗಿಟಾರಿನ ತೂತಿಗೆ ನೇರ ಅಲ್ಲ, ಕುತ್ತಿಗೆ ಮೈಗೆ ಸೇರೋ ಜಾಗಕ್ಕೆ ಮುಖ ಮಾಡಿ. ಇಬ್ಬರಿದ್ರೆ ಇಬ್ಬರ ಬಾಯಿಂದಲೂ ಫೋನಿಗೆ ಒಂದೇ ದೂರ ಇರಲಿ.

ಕೊನೇ ಜಿ ಕಾರ್ಡನ್ನ ಹೆಬ್ಬೆರಳಲ್ಲಿ ದಪ್ಪ ತಂತಿಯಿಂದ ಸಣ್ಣ ತಂತಿಗೆ ಒಂದೊಂದಾಗಿ ಬಿಡಿಸಿ ನುಡಿಸಿ. ಕೆಳಗಿನ ದನಿ ಮೊದಲು ನಿಲ್ಲಲಿ, ಮೇಲಿನ ದನಿ ಅರ್ಧ ಎಣಿಕೆ ತಡವಾಗಿ. ಅಕ್ಕ ಮೊದಲ ಸಲ ಹಾಗೆ ಮಾಡಿದ್ದು ಗೊತ್ತಿಲ್ದೇ, ನಾನು ನಿಲ್ಲಿಸಿಬಿಟ್ಟಿದ್ದೆ, ಅವಳ ಗ ಒಂದೇ ಉಳ್ಕೊಂಡು ಆಮೇಲೆ ನಿಂತಿತು, ಅಡುಗೆ ಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದ್ದು ಆ ರೆಕಾರ್ಡಿಂಗಲ್ಲಿ ಕೇಳತ್ತೆ. ಅದನ್ನೇ ಇಟ್ಕೊಂಡಿದೀನಿ, ಆಮೇಲೆ ಮಾಡಿದ ಯಾವ ಟೇಕೂ ಅಷ್ಟು ಚೆನ್ನಾಗಿ ಬರಲಿಲ್ಲ. ತಂತಿ ಮೇಲಿಂದ ಕೈ ಎತ್ಬೇಡಿ, ಆರನೇ ತಂತಿಯ ಗುಂಯ್ ಅನ್ನೋದು ಪೂರ್ತಿ ಹೋಗೋವರೆಗೆ ಕಾದು, ಆಮೇಲೆ ಫೋನ್ ಮುಟ್ಟಿ.